ಹಿತ್ತಲ ರಾಯರ ಪಂಚವಾರ್ಷಿಕ ಯೋಜನೆ

ಪಂಚವಾರ್ಷಿಕ ಯೋಜನೆಗಳನ್ನು ದೇಶವೇ 2017ರಲ್ಲಿ ಕೈಬಿಟ್ಟಿತು. ಹಿತ್ತಲ ರಾಯರು ಬಿಟ್ಟಿಲ್ಲ.

ಮೈಸೂರಿನ ಚಾಮುಂಡಿಪುರ, ಲಕ್ಷ್ಮೀಪುರ, ಕೃಷ್ಣಮೂರ್ತಿಪುರ, ಹೀಗೆ ಹೆಂಚಿನ ಮನೆ ಇನ್ನೂ ಉಳಿದಿರುವ ಯಾವ ಬೀದಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಬ್ಯಾಂಕಿನಿಂದಲೋ ಲೋಕೋಪಯೋಗಿ ಇಲಾಖೆಯಿಂದಲೋ ನಿವೃತ್ತರಾದವರು. ಮೇಲೆ ಬನಿಯನ್ನು, ಕೆಳಗೆ ಎತ್ತಿ ಕಟ್ಟಿದ ಪಂಚೆ, ಕೈಯಲ್ಲಿ ಕುಡುಗೋಲು. ಆ ಕುಡುಗೋಲು ಏನನ್ನಾದರೂ ಕೊಯ್ದದ್ದನ್ನು ಕಂಡವರು ಕಡಿಮೆ. ಅದರಿಂದ ರಾಯರು ತೋರಿಸುತ್ತಾರೆ. "ಇಲ್ಲಿ ನಿಂಬೆ ಬರುತ್ತೆ. ಅಲ್ಲೊಂದು ಕಲ್ಲುಬೆಂಚು. ಆ ಮೂಲೆ ಇದೆಯಲ್ಲ, ಅದು ಸೆಕೆಂಡ್ ಫೇಸು."

ಅಜ್ಜಿಯ ಕಾಲಕ್ಕೆ ಆ ಹಿತ್ತಲಲ್ಲಿ ಸೇದುವ ಬಾವಿ, ಒಗೆಯುವ ಕಲ್ಲು, ಹಂಡೆ ಒಲೆಯ ಬಚ್ಚಲು, ಬಚ್ಚಲ ನೀರು ಕುಡಿದು ಕೊಬ್ಬಿದ ಬಾಳೆ ಎಲ್ಲ ಇದ್ದವು. ನಲ್ಲಿ ಬಂತು, ಬಾವಿಗೆ ಜಾಲರಿ ಬಿತ್ತು. ಗೀಸರು ಬಂತು, ಒಲೆ ಆರಿತು. ವಾಷಿಂಗ್ ಮೆಷಿನ್ ಬಂತು, ಒಗೆಯುವ ಕಲ್ಲಿನ ಮೇಲೆ ಬೀದಿಯ ಬೆಕ್ಕು ಸಂಸಾರ ಹೂಡಿತು. ಹಿಂದಿನ ಬಾಗಿಲಿಗೆ ಅಗುಳಿ ಹಾಕಿದ ಮೇಲೆ ಅದು ತೆರೆಯುತ್ತಿದ್ದದ್ದು ಏನನ್ನಾದರೂ ಎಸೆಯುವುದಕ್ಕೆ: ತೂತು ಬಿದ್ದ ಹಂಡೆ, ಕಾಲು ಮುರಿದ ಮಂಚ, ಮಗ ಕಾಲೇಜಿಗೆ ಓಡಿಸುತ್ತಿದ್ದ ಲೂನಾ. ಎಲ್ಲದರ ಮೇಲೂ ಎದೆಮಟ್ಟ ಕಾಂಗ್ರೆಸ್ ಗಿಡ. ಈ ಗಿಡವನ್ನು ತಿಂದು ಮುಗಿಸಲೆಂದು ಮೆಕ್ಸಿಕೋದ ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ಮಳೆಗಾಲದಲ್ಲಿ ತಿನ್ನುತ್ತದೆ, ಮಳೆ ನಿಂತ ಮೇಲೆ ಮಣ್ಣಿನೊಳಗೆ ಹೋಗಿ ಮಲಗುತ್ತದೆ. ತಮ್ಮ ಹಳೆಯ ಸೆಕ್ಷನ್ನಿನಲ್ಲೂ ಇಂಥ ಇಬ್ಬರಿದ್ದರೆಂದು ರಾಯರು ನೆನೆಯುತ್ತಾರೆ.

ನಿವೃತ್ತಿಯ ಸನ್ಮಾನದ ಶಾಲು ಇನ್ನೂ ಮಡಿಕೆ ಬಿಚ್ಚಿರಲಿಲ್ಲ, ರಾಯರು ಆ ಅಗುಳಿ ತೆಗೆದರು. ಮೊದಲು ನೆಟ್ಟದ್ದು ಗಿಡವನ್ನಲ್ಲ. ರಟ್ಟಿನ ಹೊದಿಕೆಯ ಉದ್ದನೆಯ ರಿಜಿಸ್ಟರೊಂದನ್ನು ತಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಕ್ರಮಸಂಖ್ಯೆ, ಕಾಮಗಾರಿ, ಅಂದಾಜು ವೆಚ್ಚ, ಷರಾ. ಕರಿಬೇವು: ನೆಟ್ಟಿದೆ. ಷರಾ: ಒಣಗಿದೆ. ಕರಿಬೇವು: ಮರು ನಾಟಿ. ಷರಾ: ಪಕ್ಕದ ಮನೆಯ ಮೇಕೆ.

ಇನ್ನು ಜೀವಾಮೃತದ ಪ್ರಕರಣ. ಯಾರೋ ಇವರಿಗೆ ವಿಡಿಯೋ ಕಳಿಸಿದರು. ಎಕರೆಯೊಂದಕ್ಕೆ 200 ಲೀಟರ್ ನೀರು, 10 ಕೆಜಿ ನಾಟಿ ಹಸುವಿನ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಮಣ್ಣು ಒಂದು ಹಿಡಿ. ನೆರಳಲ್ಲಿಟ್ಟು ಬೆಳಿಗ್ಗೆ ಸಂಜೆ ಕೋಲಿನಿಂದ ಬಲಸುತ್ತು ತಿರುಗಿಸಬೇಕು. ರಾಯರ ಹಿತ್ತಲು ಮೂವತ್ತಕ್ಕೆ ಇಪ್ಪತ್ತಡಿ. ಎಕರೆಗೆ 43,560 ಚದರಡಿ. ಅಂದರೆ ಇವರಿಗೆ ಬೇಕಾದದ್ದು ಮೂರು ಲೀಟರಿಗೂ ಕಡಿಮೆ. ಜೀವಮಾನವಿಡೀ ಲೆಕ್ಕ ಬರೆದವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಡ್ರಮ್ಮು ಸಿಗುವುದು 200 ಲೀಟರಿನದು, ಮತ್ತು ವಿಧಿ ಎಂದ ಮೇಲೆ ವಿಧಿ. ಗಂಜಲಕ್ಕಾಗಿ ಬೆಳಗಿನ ಜಾವ ಚೊಂಬು ಹಿಡಿದು ಬೀದಿ ಹಸುಗಳ ಹಿಂದೆ ಸುತ್ತಿದರು. ಹಸುಗಳು ಬೇರೆ ಬೀದಿ ನೋಡಿಕೊಂಡವು. ಕೊನೆಗೆ ಹಾಲಿನವನೇ ತಂದುಕೊಟ್ಟ, ಹಾಲಿಗಿಂತ ಹೆಚ್ಚಿನ ದರಕ್ಕೆ.

"ರೀ, ಕಡಲೆಹಿಟ್ಟಿನ ಡಬ್ಬ ಏನಾಯ್ತು?" ಎಂದು ಒಳಗಿನಿಂದ ಪ್ರಶ್ನೆ ಬಂತು.

"ಮಣ್ಣಿಗೆ ಬೇಕಾಗಿತ್ತು ಕಣೆ."

"ಮಣ್ಣಿಗೆ ಬೋಂಡ ಕರೆದು ಹಾಕ್ತೀರಾ?"

ನಾಲ್ಕನೆಯ ದಿನ ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು. ಬಳಸಿ ಉಳಿದದ್ದನ್ನು ರಾಯರು ನೀರಿನ ಬಾಟಲಿಗಳಲ್ಲಿ ತುಂಬಿ ಬೀದಿಗೆಲ್ಲ ಹಂಚಿದರು. ಬೇಡವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಗಿಡಗಳ ವಿಷಯದಲ್ಲೂ ಅವರ ಆಸೆ ಸಣ್ಣದಲ್ಲ. ಬಾಳೆಯೆಂದರೆ ನಂಜನಗೂಡು ರಸಬಾಳೆಯೇ ಆಗಬೇಕು, ಬದನೆಯೆಂದರೆ ಈರನಗೆರೆಯದೇ. ರಸಬಾಳೆ ಆಳೆತ್ತರ ಬಂದು ಸೊರಗು ರೋಗ ಹತ್ತಿಸಿಕೊಂಡು ಮಲಗಿತು. ನಂಜನಗೂಡಿನ ತೋಟಗಳನ್ನೇ ಬರಿದು ಮಾಡಿದ ರೋಗ ಅದು, ರಾಯರ ರಿಜಿಸ್ಟರಿಗೆ ಹೆದರೀತೇ? ಅತ್ತ, ಪಾತ್ರೆ ತೊಳೆದ ನೀರು ಚೆಲ್ಲುವ ಜಾಗದಲ್ಲಿ ಯಾರೂ ನೆಡದ ಟೊಮ್ಯಾಟೊ ಗೊಂಚಲುಗೊಂಚಲಾಗಿ ಕಾಯಿ ಬಿಟ್ಟಿತು. ಹಿತ್ತಲಿಗೆ ಎಸೆದ ತಿರುಳಿನಿಂದ ಹುಟ್ಟಿದ ಸಿಹಿಗುಂಬಳದ ಬಳ್ಳಿ ಲೂನಾವನ್ನು ನುಂಗಿ ಬಾವಿಯ ಜಾಲರಿ ಏರಿತು. ರಿಜಿಸ್ಟರಿನಲ್ಲಿ ಆ ದಿನದ ಷರಾ: "ಸಿಹಿಗುಂಬಳ. ಅನಧಿಕೃತ." ಅದರ ಕಾಯಿಯ ಹುಳಿ ಉಂಡ ರಾತ್ರಿ ಕೆಳಗೆ ಇನ್ನೊಂದು ಸಾಲು ಸೇರಿತು: "ಸಕ್ರಮಗೊಳಿಸಲಾಗಿದೆ."

ದಸರೆಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ತಪ್ಪದೆ ಹೋಗುತ್ತಾರೆ, ತಪ್ಪದೆ ಬೇಸರಪಟ್ಟು ಬರುತ್ತಾರೆ. "ಬರೀ ಶೋಕಿ. ಮಣ್ಣಿನ ಕೆಲಸ ಎಲ್ಲಿದೆ?" ಮದುವೆಯ ಕರೆಯೋಲೆ ಕೊಡಲು ಬಂದವರಿಗೂ ಬಿಡುಗಡೆಯಿಲ್ಲ. ಕಾಫಿ ಆಗುವಷ್ಟರಲ್ಲಿ ಹಿತ್ತಲು ನೋಡಿಬಿಡೋಣ ಎಂದು ಎಬ್ಬಿಸುತ್ತಾರೆ. ಕಾಫಿ ಆಗಿ, ಆರಿ, ಕೆನೆಕಟ್ಟಿ, ಮತ್ತೆ ಬಿಸಿಯಾದರೂ ದರ್ಶನ ನಿಂಬೆಗಿಡದ ಪಾತಿ ದಾಟಿರುವುದಿಲ್ಲ.

ಒಮ್ಮೆ ಕೆಲಸಕ್ಕೆ ಬಂದ ಹುಡುಗ ಸುತ್ತ ಕಣ್ಣಾಡಿಸಿ, "ಸಾರ್, ಇನ್ನಿಬ್ಬರು ಆಳು ಕರ್ಕೊಂಡು ಬತ್ತೀನಿ. ನಾಳೆ ಸಾಯಂಕಾಲಕ್ಕೆ ಪೂರ್ತಿ ಕಿಲೀನು" ಎಂದ. ರಾಯರು ಅವನ ಅರ್ಧ ದಿನದ ಕೂಲಿ ಎಣಿಸಿ ಕೊಟ್ಟು ಸಾಗಹಾಕಿದರು. ಬೀದಿಯವರು ಜಿಪುಣತನವೆಂದರು. ನನಗೆ ಹಾಗೆ ಅನ್ನಿಸಲಿಲ್ಲ. ಯಾಕೆಂದರೆ ಪ್ರತಿ ಭಾನುವಾರ ಬೆಳಿಗ್ಗೆ ಅಮೆರಿಕದಿಂದ ಮಗನ ಫೋನು ಬರುತ್ತದೆ, ಅದು ಸ್ಪೀಕರಿನಲ್ಲಿ ಅರ್ಧ ಬೀದಿಗೆ ಕೇಳುತ್ತದೆ. "ಅಪ್ಪಾ, ಆ ಬಿಲ್ಡರ್ ಮತ್ತೆ ಕೇಳ್ತಿದಾನೆ. ನಿಮಗೊಂದು ಫ್ಲ್ಯಾಟು, ನನಗೊಂದು. ಏನ್ ಹೇಳ್ತೀರಿ?" ರಾಯರು ಇಲ್ಲವೆಂದು ಹೇಳಿದ್ದೇ ಇಲ್ಲ. "ಆಗಲಿ ಕಣೋ, ಯಾರು ಬೇಡ ಅಂದರು? ಸೀಬೆಗಿಡ ಈಗ ತಾನೇ ಕುದುರಿಕೊಂಡಿದೆ. ಒಂದು ಫಸಲು ನೋಡಿಬಿಡೋಣ."

ಸೀಬೆ ಕಾಯಿ ಬಿಟ್ಟ ವರ್ಷ ರಾಯರು ಅದೇ ಕುಡುಗೋಲಿನ ತುದಿಯಿಂದ ಕುಳಿ ತೋಡಿ ಹಲಸಿನ ಬೀಜ ಊರಿದರು. ಕಸಿ ಗಿಡ ತಂದರೆ ಬೇಗ ಫಲ ಬರುತ್ತದೆಂದು ನರ್ಸರಿಯವನು ಹೇಳಿದ್ದ. ಬೇಡವೆಂದರು. ಬೀಜದ ಹಲಸು ಫಲ ಬಿಡಲು ಏಳೆಂಟು ವರ್ಷವಾದರೂ ಬೇಕು. ಇಲಾಖೆಯಲ್ಲಿ ಕಡತವೊಂದನ್ನು ಹೇಗೆ ಬಾಕಿ ಉಳಿಸಬೇಕೆಂದು ಕಲಿತ ವಿದ್ಯೆ ಇಷ್ಟು ಒಳ್ಳೆಯ ಕೆಲಸಕ್ಕೆ ಬಳಕೆಯಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಬೀದಿಯಲ್ಲಿ ಈಗ ಉಳಿದಿರುವ ಹೆಂಚಿನ ಮನೆ ಅವರದೊಂದೇ.

ನಿಮ್ಮ ಕಡೆಯೂ ಇಂಥ ರಾಯರಿದ್ದರೆ ಒಮ್ಮೆ ಹೋಗಿ ಬನ್ನಿ. ಹಳೆಯ ಚಪ್ಪಲಿ ಮೆಟ್ಟಿಕೊಳ್ಳಿ, ಕಾಫಿಯನ್ನು ಮನೆಯಲ್ಲೇ ಕುಡಿದು ಹೊರಡಿ, ದೊಡ್ಡಪತ್ರೆಗೊಂದು ಕೈಚೀಲ ಇರಲಿ. ಕೆಲಸ ಯಾವಾಗ ಮುಗಿಯುತ್ತದೆ ಎಂದು ಮಾತ್ರ ಕೇಳಬೇಡಿ. ಇನ್ನೊಂದು ಮಾತು: ಹೊರಡುವಾಗ ಬಾಟಲಿಯಲ್ಲಿ ಕೊಡುವುದು ಕಷಾಯವಲ್ಲ.