ಜೋಗದ ಫೋಟೋ ಹಾಕಿದ ಅಡ್ಮಿನ್ನರಿಗೊಂದು ಬಹಿರಂಗ ಪತ್ರ

ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪುಗಳ ಸೃಷ್ಟಿಕರ್ತರೂ ಪಾಲಕರೂ (ಲಯಕರ್ತರಂತೂ ಅಲ್ಲ, ಇದುವರೆಗೆ ಒಂದನ್ನೂ ಮುಚ್ಚಿಲ್ಲ) ಆದ ಅಡ್ಮಿನ್ ಮಹಾಶಯರಿಗೆ ಎರಡನೇ ಅಡ್ಡರಸ್ತೆಯವನ ಸಾಷ್ಟಾಂಗ ನಮಸ್ಕಾರ. ಸಾಷ್ಟಾಂಗ ಅಂದದ್ದು ಬಾಯಿಮಾತಿಗೆ. ಬೆಳಿಗ್ಗೆ ಎರಡು ಗಂಟೆ ಹತ್ತು ನಿಮಿಷ ಖಾಲಿ ಕೊಡದ ಪಕ್ಕ ನಿಂತ ಸೊಂಟ ಅಷ್ಟೆಲ್ಲ ಬಗ್ಗುವುದಿಲ್ಲ.

ಟ್ಯಾಂಕರ್ ಬೆಳಿಗ್ಗೆ ಆರಕ್ಕೆ ಅಂತ ಮೊನ್ನೆ ‘ನೀರು ಮಾತ್ರ’ ಗ್ರೂಪಿನಲ್ಲಿ ಹಾಕಿದ್ದಿರಿ. ನಂಬಿದೆ. ಎರಡು ನೀಲಿ ಡ್ರಮ್ಮು, ನಾಲ್ಕು ಕೊಡ, ಅಳಿಯ ತಂದುಕೊಟ್ಟ ಹೊಸ ಪೈಪು ಸಮೇತ ಗೇಟಿನ ಮುಂದೆ ನಿಂತೆ. ಎಂಟು ಹತ್ತಕ್ಕೆ ಹಾಲಿನ ಹುಡುಗ ಸೈಕಲ್ ನಿಲ್ಲಿಸಿ, “ಟ್ಯಾಂಕರ್ ರಾತ್ರಿನೇ ಬಂದು ಹೋಯ್ತಲ್ಲ ಸಾರ್, ಹೊಸ ಗ್ರೂಪಲ್ಲಿ ಹಾಕಿದ್ರಲ್ಲ” ಅಂದ. ಹೊಸ ಗ್ರೂಪು! ‘ನೀರು ಮಾತ್ರ 2’. ನೋಡಿದರೆ ನಾನೂ ಅದರೊಳಗಿದ್ದೇನೆ. ಸೇರಿಸಿದ್ದು ರಾತ್ರಿ 11.48ಕ್ಕೆ, ಟ್ಯಾಂಕರ್ ಬಂದದ್ದು 12ಕ್ಕೆ. ಐಕಾನಿಗೆ ಜೋಗದ ಫೋಟೋ. ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ 253 ಮೀಟರ್ ಮೇಲಿನಿಂದ ಧುಮುಕುತ್ತಿದ್ದಾರೆ. ನನ್ನ ಕೊಡಕ್ಕೆ 253 ಮಿಲಿಲೀಟರೂ ಬೀಳಲಿಲ್ಲ.

ಸ್ವಾಮಿ, 90ರ ದಶಕದಲ್ಲಿ ನಾನು ಅಮೆರಿಕದಲ್ಲಿ ಓದುತ್ತಿದ್ದಾಗ ಯೂಸ್‌ನೆಟ್ ಅಂತ ಒಂದು ಚರ್ಚಾ ಗ್ರೂಪುಗಳ ಜಾಲವಿತ್ತು. ಊರಿನ ಸುದ್ದಿಗೂ ಬಿಸಿಬೇಳೆಭಾತಿನ ಜಗಳಕ್ಕೂ ‘ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ’ ಎಂಬ ಗ್ರೂಪು. ಅಲ್ಲಿ ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಸಾಲದು, ಗ್ರೂಪ್ ಮಾಡಿ ನೋಡು ಅನ್ನಬೇಕಿತ್ತು. ಮೊದಲು ಲಿಖಿತ ಪ್ರಸ್ತಾವ: ಯಾಕೆ ಬೇಕು, ಅದರಲ್ಲಿ ಏನು ಬರೆಯಬಹುದು, ಏನು ಬರೆಯಬಾರದು. ಮೂರು ವಾರ ಚರ್ಚೆ, ಹೊಡೆದಾಟ. ಆಮೇಲೆ ಇನ್ನೂ ಮೂರು ವಾರಕ್ಕೆ ಕಡಿಮೆಯಿಲ್ಲದ ಮತದಾನ. ಬೇಡ ಅಂದವರಿಗಿಂತ ಬೇಕು ಅಂದವರು ಕನಿಷ್ಠ 100 ಜನ ಹೆಚ್ಚಿರಬೇಕು, ಬಿದ್ದ ಮತದಲ್ಲಿ ಮೂರನೇ ಎರಡು ಪಾಲೂ ಅವರದ್ದಿರಬೇಕು. ಮತ ಎಣಿಸುವವರು ಸ್ವಯಂಸೇವಕರು. ಹೊಸಬರ ಕರಡು ತಿದ್ದಿಕೊಟ್ಟು ದಾರಿ ತೋರಿಸುವವರೂ ಸ್ವಯಂಸೇವಕರೇ, ಕಾಸಿಲ್ಲ, ಹಾರತುರಾಯಿಯಿಲ್ಲ. ಅವರ ಪ್ರಶ್ನೆ ಬಹಳ ಸರಳ: ಇದನ್ನೇ ಈಗಿರುವ ಗ್ರೂಪಿನಲ್ಲಿ ಮಾತಾಡಲು ಏನು ರೋಗ?

ಅದೇನೂ ರಾಮರಾಜ್ಯವಲ್ಲ, ಒಪ್ಪಿದೆ. ಈ ಯಜಮಾನಿಕೆಯೇ ಬೇಡವೆಂದವರು 1987ರಲ್ಲೇ ‘ಆಲ್ಟ್’ ಅಂತ ಬೇರೆ ಮನೆ ಹೂಡಿದರು. ಅಲ್ಲಿ ಟಿವಿ ಬೊಂಬೆಯಾಟದ ಸ್ವೀಡಿಷ್ ಬಾಣಸಿಗನ ‘ಬೋರ್ಕ್ ಬೋರ್ಕ್ ಬೋರ್ಕ್’ಗೂ ಒಂದು ಗ್ರೂಪಿತ್ತು. ನಮ್ಮ ಬಡಾವಣೆಯೂ ಅದೇ ವಂಶ. ಆದರೆ ಬೋರ್ಕ್ ಬೋರ್ಕ್ ಓದದಿದ್ದರೆ ಯಾರ ಮನೆಯ ಸ್ನಾನವೂ ತಪ್ಪುತ್ತಿರಲಿಲ್ಲ.

ಯುಗಾದಿಯಂದು ನಾನೇ ಮೇಲೆಬಿದ್ದು ಹೇಳಿದೆ: ಹೊಸ ಗ್ರೂಪ್ ಮಾಡುವ ಮುಂಚೆ ನಮ್ಮನೆಗೆ ಬನ್ನಿ, ಕಾಫಿ ಕುಡಿಯುತ್ತ ಐದು ನಿಮಿಷ ಯೋಚಿಸೋಣ, ಮಾರ್ಗದರ್ಶನ ಪುಕ್ಕಟೆ. ನೀವು ಏನು ಮಾಡಿದಿರಿ? ‘ಗ್ರೂಪ್ ಮಾರ್ಗದರ್ಶನ’ ಅಂತ ಒಂದು ಗ್ರೂಪ್ ಮಾಡಿದಿರಿ. ಅಡ್ಮಿನ್ನರು ಏಳು, ಬರೀ ಸದಸ್ಯ ನಾನೊಬ್ಬ. ಅದಕ್ಕೂ ಜೋಗದ ಫೋಟೋ. ನಿಮ್ಮಲ್ಲಿ ಒಬ್ಬರು ಮಾತ್ರ ನಿಜವಾಗಿ ಬಂದರು. ಎರಡು ಲೋಟ ಕಾಫಿ ಕುಡಿದರು, ಎಲ್ಲದಕ್ಕೂ ತಲೆಯಾಡಿಸಿದರು, ಚಪ್ಪಲಿ ಮೆಟ್ಟುವಷ್ಟರಲ್ಲಿ ನನ್ನನ್ನು ‘ಕಾಫಿ ಪ್ರಿಯರು’ ಗ್ರೂಪಿಗೆ ಸೇರಿಸಿದ್ದರು.

ಗುಡ್ ಮಾರ್ನಿಂಗ್ ಗುಲಾಬಿಗಳ ಬಗ್ಗೆ, ಶ್ರದ್ಧಾಂಜಲಿಯ ಕೆಳಗೆ ಬೀಳುವ ಹೆಬ್ಬೆಟ್ಟುಗಳ ಬಗ್ಗೆಯೂ ಬರೆಯಬೇಕೆಂದಿದ್ದೆ. ಸಾಯಲಿ. ನನಗೆ ನೀರು ಬೇಕು.

ಒಂದು ಗ್ರೂಪಿನಲ್ಲಿ 1,024 ಜನ ಹಿಡಿಯುತ್ತಾರೆ. ನಮ್ಮಲ್ಲಿರುವುದು 86 ಮನೆ. ಅತ್ತೆ, ಸೊಸೆ, ಬಾಡಿಗೆಯವರು, ಹಾಲಿನ ಹುಡುಗ ಎಲ್ಲರೂ ಒಂದರಲ್ಲೇ ಕಾಲು ಚಾಚಿ ಕೂರಬಹುದು. ಎರಡನೆಯದು ಯಾಕೆ ಬೇಕಿತ್ತು? ನನಗೆ ಗೊತ್ತು ಯಾಕೆ ಅಂತ. ಕಾರ್ಯದರ್ಶಿಗೂ ಖಜಾಂಚಿಗೂ ಮಾತು ನಿಂತಿದೆ, ಹಳೇ ಗ್ರೂಪಿನ ಅಡ್ಮಿನ್ ಅವರು, ಹೊಸದಕ್ಕೆ ಇವರು. ನಿಮ್ಮಿಬ್ಬರ ಮುನಿಸಿಗೆ ಮೂರನೇ ಅಡ್ಡರಸ್ತೆಯ ಅಜ್ಜಿ ಯಾಕ್ರೀ ಬೀದಿಯಲ್ಲಿ ನಿಲ್ಲಬೇಕು? ಎರಡು ಹಿತ್ತಾಳೆ ಬಿಂದಿಗೆ ಇಟ್ಟುಕೊಂಡು ನನ್ನ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತಿದ್ದರು. ಅವರ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. “ನೀವು ಗ್ರೂಪಲ್ಲಿದ್ದೀರಲ್ಲಪ್ಪ, ನಿಮ್ಮನ್ನೇ ನೋಡ್ಕೊಂಡು ನಾನೂ ಬಂದೆ” ಅಂದರು. ಏನಂತ ಹೇಳಲಿ? ಬಿಂದಿಗೆ ಎತ್ತಿಕೊಂಡು ಅವರ ಮನೆತನಕ ಬಿಟ್ಟುಬಂದೆ. ಖಾಲಿ ಬಿಂದಿಗೆ, ಭಾರವೇನಿರಲಿಲ್ಲ.

ಸೆಟ್ಟಿಂಗ್ ಬದಲಿಸಿಕೊಳ್ಳಿ, ಯಾರಿಗೂ ನಿಮ್ಮನ್ನು ಸೇರಿಸಲಾಗುವುದಿಲ್ಲ ಅನ್ನಬೇಡಿ. ಆ ಸೌಲಭ್ಯ 2019ರಲ್ಲೇ ಬಂದಿದೆ, ಗೊತ್ತು. ಬದಲಿಸಿದರೆ ನೆಮ್ಮದಿ ಬರುತ್ತದೆ, ನೀರು ಬರುವುದಿಲ್ಲ.

ಮುಂದಿನ ಟ್ಯಾಂಕರ್ ಗುರುವಾರವಂತೆ. ಎಷ್ಟು ಹೊತ್ತಿಗೆ? ಉತ್ತರವನ್ನು ಯಾವ ಜೋಗದ ಕೆಳಗೂ ಹಾಕಬೇಡಿ. ಗೇಟು ತಟ್ಟಿ ಬಾಯಲ್ಲಿ ಹೇಳಿ. ಈ ಸಲ ಕಾಫಿ ಕೇಳಬೇಡಿ, ನೀರಿಲ್ಲ.

ಇತಿ,
ಎರಡು ನೀಲಿ ಡ್ರಮ್ಮಿನವನು