ಶೀಟಪ್ಪನವರ ಟೊರಾಂಟೊ

ಸನ್ನಿವೇಲ್‌ನಲ್ಲೋ ಫ್ರೀಮಾಂಟ್‌ನಲ್ಲೋ ಸ್ಯಾನ್ ರಮೋನ್‌ನಲ್ಲೋ ನೆಲೆ ನಿಂತಿರುವ ಈ ಗೃಹಸ್ಥರ ನಿಜನಾಮಧೇಯ ಏನೇ ಇರಲಿ, ಶೀಟಪ್ಪ ಎಂದರೆ ಬೇ ಏರಿಯಾ ಕನ್ನಡಿಗರಿಗೆ ಗುರುತು ಸಿಕ್ಕುತ್ತದೆ. ಮನೆಯವರು ‘ಟೊರಾಂಟೊಗೆ ಹೋಗೋಣವಾ?’ ಅಂದ ರಾತ್ರಿಯೇ ಅವರು ಗೂಗಲ್ ಶೀಟ್ ತೆರೆಯುತ್ತಾರೆ. ಬೆಳಗಾಗುವುದರೊಳಗೆ ಅದಕ್ಕೆ ಏಳು ಟ್ಯಾಬು: ವಿಮಾನ, ಹೋಟೆಲು, ವೀಸಾ, ನಯಾಗರ, ಊಟ, ಮಳೆ ಬಂದರೆ, ಅಮ್ಮನಿಗೆ ಮಂಡಿನೋವು ಬಂದರೆ. ನೋಡಿದವರು ಇದನ್ನು ಸಿಲಿಕಾನ್ ಕಣಿವೆಯ ಕಾಯಿಲೆ, ಪ್ರಾಜೆಕ್ಟ್ ಮ್ಯಾನೇಜರಿಕೆ ತಲೆಗೇರಿದೆ ಎಂದುಬಿಡುತ್ತಾರೆ. ಈ ರೋಗನಿರ್ಣಯ ನನಗೆ ಒಪ್ಪಿಗೆಯಿಲ್ಲ. ಶೀಟಪ್ಪನವರ ರೋಗ ಕಂಪ್ಯೂಟರಿಗಿಂತ ಹಳೆಯದು. ಅದರ ಹೆಸರು ಎಲ್‌ಟಿಸಿ, ಕಚೇರಿ ಕೊಡುವ ರಜಾ ಪ್ರವಾಸ ರಿಯಾಯಿತಿ.

ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್ ಕಾಲೊನಿಗಳಲ್ಲಿ, ಬ್ಯಾಂಕು ಕ್ವಾರ್ಟರ್ಸುಗಳಲ್ಲಿ ಬೆಳೆದ ತಲೆಮಾರಿಗೆ ಪ್ರವಾಸವೆಂದರೆ ತಂದೆಗೆ ಕಚೇರಿ ಮಂಜೂರು ಮಾಡುತ್ತಿದ್ದ ವಸ್ತು. ಬ್ಲಾಕ್ ವರ್ಷ ಮುಗಿಯುವುದರೊಳಗೆ ಹೋಗಬೇಕು, ಹತ್ತಿರದ ದಾರಿಯ ಲೆಕ್ಕ ಕೊಡಬೇಕು, ಟಿಕೆಟ್ ಕಾಪಾಡಬೇಕು. ತಾಜಮಹಲಿನ ಎದುರು ನಿಂತಾಗಲೂ ತಂದೆಯ ಒಂದು ಕೈ ಅಂಗಿಯ ಜೇಬಿನ ಮೇಲೆಯೇ ಇರುತ್ತಿತ್ತು. ಮಗ ಕಡಲು ದಾಟಿ ಬಂದು ನೆಲೆಸಿದ ದೇಶದಲ್ಲಿ ಸಂಬಳಸಹಿತ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನೇ ಇಲ್ಲ. ಕಂಪನಿ ಕೊಟ್ಟಷ್ಟು ಪಿಟಿಒ. ಹಾಗಾಗಿ ಅಪ್ಪನ ಬ್ಲಾಕ್ ವರ್ಷ ಮಗನಲ್ಲಿ ಲಾಂಗ್ ವೀಕೆಂಡ್ ಆಗಿ ಅವತರಿಸಿದೆ. ಕೆನಡಾದ ವಿಕ್ಟೋರಿಯಾ ಡೇ ಬರುವುದು ಮೇ 25ಕ್ಕಿಂತ ಮುಂಚಿನ ಸೋಮವಾರ, ಅಮೆರಿಕದ ಮೆಮೋರಿಯಲ್ ಡೇ ಮೇ ತಿಂಗಳ ಕೊನೆಯ ಸೋಮವಾರ. ಅಂದರೆ ಯಾವ ವರ್ಷ ನೋಡಿದರೂ ನಡುವೆ ಸರಿಯಾಗಿ ಒಂದು ವಾರ. ನಮಗೆ ರಜೆ ಇದ್ದಾಗ ಅಲ್ಲಿಯವರು ಕೆಲಸಕ್ಕೆ ಮರಳಿರುತ್ತಾರೆ. ಇದನ್ನು ಕಂಡುಹಿಡಿದ ದಿನ ಶೀಟಪ್ಪನವರ ಮುಖದಲ್ಲಿ ಮೂಡುವ ಕಳೆ ಜಲಪಾತ ಕಂಡಾಗ ಮೂಡುವುದಿಲ್ಲ.

ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಆ ವೀಸಾ ಟ್ಯಾಬು. ಒಂದೇ ಮನೆಯಲ್ಲಿ ಎಚ್‌-1ಬಿಯ ಭಾರತೀಯ ಪಾಸ್‌ಪೋರ್ಟು, ಇಲ್ಲೇ ಹುಟ್ಟಿದ ಮಗಳ ಅಮೆರಿಕನ್ ಪಾಸ್‌ಪೋರ್ಟು, ಮೈಸೂರಿನಿಂದ ಬಂದ ಅಪ್ಪ ಅಮ್ಮನ ವಿಸಿಟರ್ ವೀಸಾ. ಮಗಳು ಸುಮ್ಮನೆ ವಿಮಾನ ಹತ್ತಬಹುದು. ಉಳಿದವರೆಲ್ಲ ಕೆನಡಾದ ವೀಸಾ ಪಡೆಯಬೇಕು. ಅಮೆರಿಕದ ವೀಸಾ ಸ್ಟ್ಯಾಂಪಿನ ಅವಧಿ ತೀರಿದ್ದರೂ ಐ-94 ಎಂಬ ಪ್ರವೇಶ ದಾಖಲೆ ಚಾಲ್ತಿಯಲ್ಲಿದ್ದು 30 ದಿನದೊಳಗೆ ಹಿಂತಿರುಗಿದರೆ, ಅಲ್ಲಿ ಹೊಸ ವೀಸಾಕ್ಕೆ ಅರ್ಜಿ ಹಾಕದಿದ್ದರೆ, ಸಾಮಾನ್ಯವಾಗಿ ಒಳಗೆ ಬಿಡುವ ನಿಯಮವುಂಟು. ಶೀಟಪ್ಪ ಅದನ್ನು ಪ್ರಿಂಟ್ ತೆಗೆದು ಮೂರು ಪ್ರತಿ ಇಟ್ಟುಕೊಂಡಿರುತ್ತಾರೆ. ಕೆನಡಾಕ್ಕೆ ಕರೆದೊಯ್ದು ತಂದರೆ ಅಪ್ಪ ಅಮ್ಮನ ಆರು ತಿಂಗಳು ಹೊಸದಾಗಿ ಶುರುವಾಗುತ್ತದೆಂಬ ಒಂದು ಪುರಾಣ ಬೇ ಏರಿಯಾದ ಪಾಟ್‌ಲಕ್ಕುಗಳಲ್ಲಿ ಚಾಲ್ತಿಯಲ್ಲಿದೆ. ನಾಲ್ಕು ದಿನದ ಪ್ರವಾಸಕ್ಕೆ ಸಾಮಾನ್ಯವಾಗಿ ಹಾಗೇನೂ ಆಗುವುದಿಲ್ಲವೆಂದು ಅವರು ತಿಳಿದೂ ಇದ್ದಾರೆ, ಒಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಬರೆದೂ ಇದ್ದಾರೆ. ರಜೆಗೆ ಹೊರಟವನು ಹೀಗೆ ಕಡತ ಹೊರುವುದಿಲ್ಲ. ಲೆಕ್ಕ ಒಪ್ಪಿಸಬೇಕಾದವನು ಹೊರುತ್ತಾನೆ.

ವಯಸ್ಸಾದವರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹೊರಟವರು ಯೋಜನೆ ಹಾಕದೆ ಇನ್ನೇನು ಮಾಡಬೇಕು ಎಂದು ಕೇಳಬಹುದು. ನ್ಯಾಯವೇ, ಶೌಚಾಲಯ ಎಲ್ಲಿದೆಯೆಂದು ಗುರುತು ಹಾಕಿಟ್ಟವರಿಗೆ ಅಮ್ಮಂದಿರ ಆಶೀರ್ವಾದವಿದೆ. ಎಲ್‌ಟಿಸಿ ಹೆಸರೇ ಕೇಳದ ತೋಟದ ಮನೆಯ ಹುಡುಗರೂ ಹೀಗೇ ಆಗಿದ್ದಾರಲ್ಲ ಎಂದರೆ, ಸೋಂಕು ಹಾಸ್ಟೆಲಿನಲ್ಲಿ ಹರಡಿತೆಂದು ಹೇಳಿ ಪಾರಾಗುತ್ತೇನೆ. ಆದರೆ ಅನುಕೂಲವೊಂದೇ ಉದ್ದೇಶವಾಗಿದ್ದರೆ ಊಟದ ಟ್ಯಾಬು ಹಾಗಿರುತ್ತಿರಲಿಲ್ಲ. 2021ರ ಜನಗಣತಿಯಂತೆ ಟೊರಾಂಟೊದ ನೂರಕ್ಕೆ 46ಕ್ಕೂ ಹೆಚ್ಚು ಮಂದಿ ವಲಸೆ ಬಂದವರು. ಡ್ಯಾನ್‌ಫರ್ತ್‌ನಲ್ಲಿ ಗ್ರೀಕರು, ಸ್ಪಡೈನಾದಲ್ಲಿ ಚೀನಿಯರು, ಸ್ಕಾರ್ಬರೊದಲ್ಲಿ ಈಳದ ತಮಿಳರು. ‘ಬಹುಸಂಸ್ಕೃತಿಯ ನಗರ’ ಎಂದು ಶೀಟಪ್ಪ ದಪ್ಪಕ್ಷರದಲ್ಲಿ ಶೀರ್ಷಿಕೆ ಕೊಟ್ಟು, ಕೆಳಗಿನ ಹನ್ನೊಂದು ಸಾಲಿನಲ್ಲಿ ದೋಸೆ ಸಿಗುವ ಹನ್ನೊಂದು ಜಾಗ ತುಂಬಿದ್ದಾರೆ. ಸನ್ನಿವೇಲ್‌ನ ಎಲ್ ಕಮಿನೊ ರಸ್ತೆಯಲ್ಲಿ ಹತ್ತು ನಿಮಿಷಕ್ಕೆ ಸಿಗುವ ದೋಸೆಗೆ ಐದು ಗಂಟೆಯ ವಿಮಾನವೇಕೆ? ಗೊತ್ತಿಲ್ಲದ ಊಟ ಆಡಿಟ್‌ನಲ್ಲಿ ನಿಲ್ಲುವುದಿಲ್ಲ, ಅದಕ್ಕೆ. ಒಂದೇ ಜಾಗ ಸಾಲದೆ ಎಂದರೆ, ಮೂರು ಕೊಟೇಶನ್ ಇಲ್ಲದೆ ಯಾವ ಕಚೇರಿ ಬಿಲ್ ಪಾಸು ಮಾಡೀತು?

ನಯಾಗರದ ಟ್ಯಾಬಿನಲ್ಲಿ ಮಾತ್ರ ನನಗೆ ಅವರ ಮೇಲೆ ಗೌರವ ಹುಟ್ಟುತ್ತದೆ. ವಿದ್ಯುತ್ತಿಗೆ ನೀರು ತಿರುಗಿಸುವ 1950ರ ಒಪ್ಪಂದದಂತೆ ಪ್ರವಾಸಿಗಳ ಹೊತ್ತಿನಲ್ಲಿ ಸೆಕೆಂಡಿಗೆ ಕನಿಷ್ಠ 1,00,000 ಘನ ಅಡಿ, ಉಳಿದಂತೆ ಅದರರ್ಧ ನೀರು ಬಿಡಬೇಕು. ಲಿಂಗನಮಕ್ಕಿ ಕಟ್ಟಿದ ಮೇಲೆ ಬೇಸಿಗೆಯ ಜೋಗ ನೋಡಿ ಪೆಚ್ಚಾದವರ ಮಗನಿಗೆ ಇದು ಬೇಗ ಅರ್ಥವಾಗುತ್ತದೆ: ನಯಾಗರದ ನಲ್ಲಿಗೆ ಟೈಮ್‌ಟೇಬಲ್ ಇದೆ. ಮೇ ಕೊನೆಯಲ್ಲಿ ಬೆಳಿಗ್ಗೆ 8ರಿಂದ ರಾತ್ರಿ 10. ಜೋಗದ 253 ಮೀಟರಿನೆದುರು ಹಾರ್ಸ್‌ಶೂ ಜಲಪಾತದ ಎತ್ತರ 57 ಮೀಟರು ಮಾತ್ರವೆಂದು ಅಪ್ಪ ಹೇಳುತ್ತಾರೆಂಬುದಕ್ಕೂ ಅವರು ಐದು ನಿಮಿಷ ತೆಗೆದಿರಿಸಿದ್ದಾರೆ. ಕೆನಡಾ ದಡದ ದೋಣಿಗಳನ್ನು 2014ರಿಂದ ನಡೆಸುತ್ತಿರುವುದು ಆಲ್ಕಟ್ರಾಜ್ ದ್ವೀಪಕ್ಕೆ ಜನರನ್ನು ಒಯ್ಯುವ ಹಾರ್ನ್‌ಬ್ಲೋವರ್ ಕಂಪನಿಯೇ. ಶೀಟಪ್ಪ ಆಲ್ಕಟ್ರಾಜ್ ನೋಡಿಲ್ಲ, ಮನೆ ಹತ್ತಿರವೇ ಇದೆಯಲ್ಲ.

ಊರಿಗೆ ಮರಳಿದ ವಾರದಲ್ಲಿ ಶೀಟ್ ವಾಟ್ಸಾಪ್ ಗುಂಪಿಗೆ ಬರುತ್ತದೆ. ಒಬ್ಬರಾದ ಮೇಲೊಬ್ಬರು ನಕಲು ಮಾಡಿಕೊಂಡು ತಾರೀಖು ಬದಲಿಸಿ ಹೊರಡುತ್ತಾರೆ. ಮದುವೆಯಾಗಿ ಮೂರು ತಿಂಗಳಾದ, ಇಬ್ಬರೇ ಹೊರಟ ಜೋಡಿಯ ಪ್ರತಿಯಲ್ಲೂ ಏಳನೆಯ ಟ್ಯಾಬು ಹಾಗೇ ಇರುತ್ತದೆ: ಅಮ್ಮನಿಗೆ ಮಂಡಿನೋವು ಬಂದರೆ.