ಏನು ಕೊಟ್ಟರೂ ಎಣ್ಣೆ ಬಿಡೆವು

1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದಿತು. ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿ ತನ್ನದೇ ಸರ್ಕಾರ ಹೂಡಿತು. ಗಾಂಧಿ ಟೋಪಿ ಹಾಕದವರು ಊರೊಳಗೆ ಕಾಲಿಡುವಂತಿಲ್ಲ ಎಂದು ಕಟ್ಟುಮಾಡಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದ ಊರಿನ ಐವರು ಮರುವರ್ಷದ ಮಾರ್ಚ್‌ನಲ್ಲಿ ಗಲ್ಲಿಗೇರಿದರು.

ಆ ಹಠ ಈಗ ಸೀಮೆಗೆಲ್ಲ ಹಂಚಿಹೋಗಿದೆ. ಡಾಕ್ಟರು ಮಾತ್ರೆ ಕೊಡಲಿ, ಬೈಗುಳ ಕೊಡಲಿ, ಲಿಪಿಡ್ ಪ್ರೊಫೈಲ್ ಎಂಬ ದಪ್ಪ ಅಂಕಿಗಳ ಹಾಳೆ ಕೊಡಲಿ, ಏನು ಕೊಟ್ಟರೂ ಎಣ್ಣೆ ಬಿಡೆವು. ಸಣ್ಣದೊಂದು ತಿದ್ದುಪಡಿ ಆಗಿದೆ, ಅಷ್ಟೆ. ಹಿರಿಯರು ಹೊರಗಿನ ದೊರೆತನವನ್ನು ಊರ ಬಾಗಿಲಲ್ಲೇ ತಡೆದರು. ನಾವು ಅದನ್ನು ಬಾಣಲೆಯವರೆಗೂ ಕರೆತಂದು ಕೂರಿಸಿದ್ದೇವೆ. ದೇಶ ಸುರಿದುಕೊಳ್ಳುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಆಮದು. 2022ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾ ಪಾಮಾಯಿಲ್ ರಫ್ತಿಗೆ ತಡೆ ಹಾಕಿದಾಗಲಾದರೂ ನಮಗೆ ಗೊತ್ತಾಗಬೇಕಿತ್ತು, ಶಿಕಾರಿಪುರ ಸಂತೆಯ ಮಿರ್ಚಿ ಬಜ್ಜಿಗೆ ರೇಟು ಕಟ್ಟುವವರು ಜಕಾರ್ತದಲ್ಲಿ ಕೂತಿದ್ದಾರೆ ಎಂದು.

ಈ ಆಳ್ವಿಕೆಯ ಮೊದಲ ಅಧಿಕಾರಿ ಈಸೂರಿನ ದಂಗೆಗಿಂತ ಐದು ವರ್ಷ ಮೊದಲೇ ಬಂದಿಳಿದಿದ್ದ. 1937ರಲ್ಲಿ ಲಿವರ್ ಕಂಪನಿ ಮಾರುಕಟ್ಟೆಗೆ ಬಿಟ್ಟ ಡಾಲ್ಡಾ ಡಬ್ಬಿ. ನಿಕಲ್ ಪುಡಿ ಬೆರೆಸಿ ಎಣ್ಣೆಗೆ ಹೈಡ್ರೋಜನ್ ಹಾಯಿಸಿದರೆ ಅದು ತುಪ್ಪದ ಹಾಗೆ ಹೆಪ್ಪುಗಟ್ಟಿ ವನಸ್ಪತಿಯಾಗುತ್ತದೆ. ಕೆಲಸ ಅರ್ಧಕ್ಕೆ ನಿಂತಾಗ ಹುಟ್ಟುವುದೇ ಟ್ರಾನ್ಸ್ ಕೊಬ್ಬು. ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ, ಅದೇ ಹೊತ್ತಿಗೆ ಒಳ್ಳೆಯದನ್ನು ಇಳಿಸುತ್ತದೆ. ಎರಡೂ ಕೈಯಲ್ಲಿ ದುಡಿಯುವ ಇಂಥ ಶ್ರಮಜೀವಿ ಸರ್ಕಾರಿ ಕಚೇರಿಯಲ್ಲಿ ಸಿಗುವುದಿಲ್ಲ. ಗಾಂಧೀಜಿ ವನಸ್ಪತಿಯ ವಿರುದ್ಧ ಬರೆದರು. ನಾವು ಅವರ ಟೋಪಿ ತೊಟ್ಟೆವು, ಈ ಮಾತನ್ನು ಬಿಟ್ಟೆವು.

ಸ್ವಾತಂತ್ರ್ಯ ಬಂದ ಮೇಲೆ ನಡೆದದ್ದು ಇನ್ನೂ ಸೊಗಸು. ಕಳ್ಳ ವ್ಯಾಪಾರಿಗಳು ತುಪ್ಪಕ್ಕೆ ವನಸ್ಪತಿ ಬೆರೆಸುತ್ತಾರೆ, ಅದಕ್ಕೊಂದು ಬಣ್ಣ ಹಾಕಿಬಿಟ್ಟರೆ ನೋಡಿದ ಕೂಡಲೇ ತಿಳಿಯುತ್ತದೆ ಎಂಬ ಸಲಹೆ ಬಂತು. ಚರ್ಚೆ ವರ್ಷಗಟ್ಟಲೆ ನಡೆಯಿತು. ಬಣ್ಣ ಮಾತ್ರ ಸಿಗಲಿಲ್ಲ. ಬಾವುಟಕ್ಕೆ ಮೂರು ಬಣ್ಣ ಹುಡುಕಿಕೊಂಡ ದೇಶಕ್ಕೆ ಡಾಲ್ಡಾಕ್ಕೆ ಒಂದು ಬಣ್ಣ ಸಿಗಲಿಲ್ಲ! ಬದಲಿಗೆ ವನಸ್ಪತಿಯೊಳಗೆ ಶೇ 5ರಷ್ಟು ಎಳ್ಳೆಣ್ಣೆಯನ್ನು ಗೂಢಚಾರನಾಗಿ ಕೂರಿಸಿದರು. ಬೆರಕೆ ತುಪ್ಪಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಫರ್‌ಫ್ಯೂರಾಲನ್ನೂ ಹಾಕಿ ಅಲುಗಾಡಿಸಿದರೆ ಆ ಎಳ್ಳೆಣ್ಣೆ ಕೆಂಪಗಾಗಿ ಸಾಕ್ಷಿ ಹೇಳುತ್ತದೆ. ಎರಡು ಸೀಸೆ ಜೇಬಿನಲ್ಲಿಟ್ಟುಕೊಂಡು ಮದುವೆ ಊಟಕ್ಕೆ ಹೋದರಾಯಿತು. ಹೋಳಿಗೆಗೆ ತುಪ್ಪ ಬಡಿಸಲು ಬಂದವರಿಗೆ ‘ಸ್ವಲ್ಪ ನಿಲ್ಲಿ, ಬೀಗರೇ’ ಎಂದರೆ ಸಂಬಂಧವೂ ಗಟ್ಟಿಯಾಗುತ್ತದೆ. ಇನ್ನು ವನಸ್ಪತಿಯ ಟ್ರಾನ್ಸ್ ಕೊಬ್ಬು ಶೇ 2 ದಾಟುವಂತಿಲ್ಲ ಎಂಬ ಮಿತಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಡಬ್ಬಿ ಬಂದು 85 ವರ್ಷವಾಗಿತ್ತು. ಬ್ರಿಟಿಷರನ್ನು ಕಳಿಸಲು ಹತ್ತೇ ವರ್ಷ ಸಾಕಾಗಿತ್ತು.

ಈಗ ಡಬ್ಬಿಯ ಕಾಲ ಹೋಗಿ ಪ್ಯಾಕೆಟ್ಟಿನ ಕಾಲ ಬಂದಿದೆ. ಅದರ ಮೇಲೆ ಕೆಂಪು ಹೃದಯದ ಚಿತ್ರ, ಪಕ್ಕದಲ್ಲಿ ‘ಕೊಲೆಸ್ಟ್ರಾಲ್ ಇಲ್ಲ’ ಎಂಬ ಘೋಷಣೆ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಗಳಲ್ಲಿ; ಗಿಡದ ಎಣ್ಣೆಯಲ್ಲಿ ಲೆಕ್ಕಕ್ಕೆ ಬರುವಷ್ಟು ಅದು ಎಂದೂ ಇರಲಿಲ್ಲ. ಬಾಳೆಹಣ್ಣಿನ ಮೇಲೆ ‘ಮೂಳೆ ಇಲ್ಲ’ ಎಂದು ಚೀಟಿ ಅಂಟಿಸಿ ಡಜನ್ನಿಗೆ ಹತ್ತು ರೂಪಾಯಿ ಜಾಸ್ತಿ ಕೇಳಿದ ಹಾಗಾಯಿತು. ಹೇಳಬೇಕಾದದ್ದನ್ನು ಆ ಚಿತ್ರ ಹೇಳುವುದಿಲ್ಲ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲನ್ನು ಬಾಚಿ ತೆಗೆಯುವ ಕೆಲಸದಲ್ಲಿ ನಮ್ಮ ಪಿತ್ತಜನಕಾಂಗ ಸೋಮಾರಿಯಾಗುತ್ತದೆ. ಪಾಮಾಯಿಲ್‌ನಲ್ಲಿ ಆ ಕೊಬ್ಬು ಹತ್ತಿರ ಹತ್ತಿರ ಅರ್ಧ, ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು, ಕೊಬ್ಬರಿ ಎಣ್ಣೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು. ಇವುಗಳ ಜಾಗಕ್ಕೆ ಶೇಂಗಾ, ಎಳ್ಳು, ಸೂರ್ಯಕಾಂತಿಯ ಎಣ್ಣೆ ಬಂದರೆ ಎದೆಗೆ ಅನುಕೂಲ. ತುಪ್ಪ ಬಿಟ್ಟೆ ಎಂದು ಮೈದಾ ಬಿಸ್ಕತ್ತು ತಿಂದರೆ ಬೇಕರಿಯವನಿಗೆ ಅನುಕೂಲ.

ಇದನ್ನು ಹೇಳಿದರೆ ಜಾತಿ ನಿಂದನೆ ಮಾಡಿದಂತೆ ಸಿಟ್ಟಾಗುತ್ತಾರೆ. 2018ರಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕಿಯೊಬ್ಬರು ಕೊಬ್ಬರಿ ಎಣ್ಣೆಯನ್ನು ವಿಷ ಎಂದುಬಿಟ್ಟರು. ಅವರದೂ ಅತಿಯಾಯಿತು ಅನ್ನಿ. ಮಾತು ಹಿಂತೆಗೆದುಕೊಳ್ಳಿ ಎಂದು ಭಾರತದ ತೋಟಗಾರಿಕಾ ಆಯುಕ್ತರು ಪತ್ರ ಬರೆದರು. ತೆಂಗಿನ ಮಾನ ಉಳಿಯಿತು, ರಕ್ತನಾಳದ ಪರವಾಗಿ ಯಾವ ಇಲಾಖೆಯೂ ಪತ್ರ ಬರೆಯಲಿಲ್ಲ. ತುಪ್ಪದ ಪರ ವಕಾಲತ್ತಿಗೆ ವಾಟ್ಸ್ಆ್ಯಪ್ ಇದ್ದೇ ಇದೆ. ‘ನಮ್ಮಜ್ಜ ತಟ್ಟೆ ತುಂಬ ತುಪ್ಪ ಸುರಿದುಕೊಂಡು ತೊಂಬತ್ತು ವರ್ಷ ಬದುಕಿದ’ ಎಂದು ಬರೆಯುವ ಮೊಮ್ಮಗ, ಅಜ್ಜ ಗದ್ದೆಯಲ್ಲಿ ನೇಗಿಲ ಹಿಂದೆ ನಡೆದದ್ದನ್ನು ಬರೆಯುವುದಿಲ್ಲ. ಬೆರಳು ನೋಯುತ್ತದೆ, ಪಾಪ.

ಸರ್ಕಾರ ಸುಮ್ಮನೆ ಕೂತಿದೆ ಎನ್ನುವಂತಿಲ್ಲ. 2025ರ ಫೆಬ್ರುವರಿಯ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ, ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಎಂದರು. ಮೂರು ತಿಂಗಳು ಕಳೆಯುತ್ತಿದ್ದಂತೆ ಕಚ್ಚಾ ಅಡುಗೆ ಎಣ್ಣೆಗಳ ಮೂಲ ಆಮದು ಸುಂಕ ಶೇ 20ರಿಂದ ಶೇ 10ಕ್ಕೆ ಇಳಿಯಿತು. ಹತ್ತು ಕಡಿಮೆ ಮಾಡುವ ಕೆಲಸ ಹೀಗೆ ಸರ್ಕಾರದಿಂದಲೇ ಶುರುವಾಯಿತು. ತಾಳೆ ಬೆಳೆ ಹೆಚ್ಚಿಸಲು 2021ರಲ್ಲೇ 11,040 ಕೋಟಿ ರೂಪಾಯಿಯ ಯೋಜನೆ ಬಂದಿದೆ. ಕಡಿಮೆ ತಿನ್ನುವುದಕ್ಕೂ ಎಣ್ಣೆ ಸಾಕಷ್ಟು ಇರಬೇಕಲ್ಲ. 2025ರಲ್ಲೇ, ತಿಂಡಿಗಳಲ್ಲಿರುವ ಎಣ್ಣೆ, ಸಕ್ಕರೆಯ ಲೆಕ್ಕದ ಫಲಕವನ್ನು ಕಚೇರಿಗಳಲ್ಲಿ ತೂಗುಹಾಕಿ ಎಂದು ಆರೋಗ್ಯ ಸಚಿವಾಲಯ ಹೇಳಿತು. ಸಮೋಸ, ಜಿಲೇಬಿಗೆ ಅವಮಾನವಾಯಿತೆಂದು ಗದ್ದಲವೆದ್ದಾಗ, ಬೀದಿ ತಿಂಡಿಗೆ ನಾವು ಎಚ್ಚರಿಕೆ ಚೀಟಿ ಅಂಟಿಸುತ್ತಿಲ್ಲ ಎಂದು ಸ್ಪಷ್ಟನೆಯೂ ಬಂತು.

ಅದೇ ವರ್ಷ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ರಾಜ್ಯವನ್ನು ನಡುಗಿಸಿತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸಾಲು. ತಜ್ಞರ ಸಮಿತಿ ಸಾವುಗಳ ಕಾರಣ ಹುಡುಕಿತು. ಇಸಿಜಿ ನಾರ್ಮಲ್ ಬಂದವರು ಆ ಸಂತೋಷಕ್ಕೆ ಎಲ್ಲಿಗೆ ಹೋದರು ಎಂಬುದನ್ನು ಮಾತ್ರ ಯಾವ ಸಮಿತಿಯೂ ಕೇಳಲಿಲ್ಲ. ಆಸ್ಪತ್ರೆಗಳ ಎದುರಿನ ವಡೆ ಅಂಗಡಿಗಳು ಯಾಕೆ ಲುಕ್ಸಾನಾಗುವುದಿಲ್ಲ, ಹೇಳಿ?

ಎದೆ ಹಿಂಡಿದರೆ ನಮ್ಮ ಕಡೆ ಅದಕ್ಕೆ ಒಂದೇ ರೋಗನಿರ್ಣಯ: ಗ್ಯಾಸು. ಸೋಡಾ ಕುಡಿಸುತ್ತಾರೆ, ಬೆನ್ನು ನೀವುತ್ತಾರೆ, ಜೀರಿಗೆ ಜಗಿಯಲು ಕೊಡುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಪುಕ್ಕಟೆ ಕೊಡುತ್ತದೆ. ಆದರೆ ಆಸ್ಪತ್ರೆ ಮುಟ್ಟುವ ಮೊದಲು ಮೂರು ಸೋಡಾ, ಒಬ್ಬ ಸೋದರಮಾವ, ಎರಡು ಕಷಾಯ ದಾಟಬೇಕು.

ಕರಿದ ಎಣ್ಣೆಗೂ ಕಾನೂನಿದೆ. ಕಾದು ಕಾದು ಕೆಟ್ಟ ಅಂಶ ಶೇ 25 ಮೀರಿದರೆ ಬಳಸುವಂತಿಲ್ಲ ಎಂಬುದು 2018ರ ಜುಲೈನಿಂದ ನಿಯಮ. ಅಳೆಯಲು ಮೀಟರು ಬರುತ್ತದೆ. ಬಜ್ಜಿ ಗಾಡಿಯಲ್ಲಿ ಅದನ್ನು ಕಂಡವರಿದ್ದರೆ ಸನ್ಮಾನ ಮಾಡೋಣ. ಅಂಥ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವ ಯೋಜನೆಯೂ ಅದೇ ವರ್ಷ ಬಂತು. ಗಾಡಿಯ ಮುಂದೆ ಲಾರಿ ನಿಲ್ಲಿಸಿದ ಡ್ರೈವರಣ್ಣನಿಗೆ ಈ ವಿಷಯ ಹೇಳಿ ನೋಡಿ. ಬಾಣಲೆಯ ಕಪ್ಪು ಎಣ್ಣೆಯನ್ನೊಮ್ಮೆ ಬಗ್ಗಿ ನೋಡುತ್ತಾನೆ. ‘ಅಯ್ಯೋ, ಇದನ್ನು ಹಾಕಿದರೆ ಇಂಜಿನ್ ಏನಾಗಬೇಕು ಸ್ವಾಮಿ?’ ಎನ್ನುತ್ತಾನೆ. ಆಮೇಲೆ ಎರಡು ಪ್ಲೇಟ್ ಮಿರ್ಚಿ ಪಾರ್ಸೆಲ್ ಹೇಳುತ್ತಾನೆ.